ಸೋಮವಾರದ ನಲ್ಲಿ

ಅಮ್ಮಾನ್ ನಗರದ ಅಶ್ರಫಿಯೆ ಗುಡ್ಡದ ಬಡಾವಣೆಯಲ್ಲಿ ನಿಬಾಲಳನ್ನು ಅರಿಯದವರು ಕಡಿಮೆ. ಮದುವೆಯ ಉಡುಪುಗಳಿಗೆ ಕಸೂತಿ ಹಾಕುತ್ತ, ಹಾಸಿಗೆ ಹಿಡಿದ ತಂದೆಯನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ತಂದೆ ಕ್ಷೌರಿಕರಾಗಿದ್ದವರು, ಬದುಕಿಡೀ ಅಚ್ಚುಕಟ್ಟು. ಊರಿಗೆ ನೀರು ಬಿಡುತ್ತಿದ್ದದ್ದು ವಾರಕ್ಕೊಂದೇ ದಿನ; ಅವರಿದ್ದ ಮನೆಯಲ್ಲಿ ಟ್ಯಾಂಕಿಗೆ ತುಂಬಿಟ್ಟ ನೀರು ವಾರ ಮುಗಿಯುವ ಮೊದಲೇ ಮುಗಿಯುತ್ತಿತ್ತು. ಸ್ನಾನವಿಲ್ಲದ ದಿನ ಗೆಳೆಯರು ಬಂದರೆ ಆ ಹಿರಿಯರು ಗೋಡೆಯ ಕಡೆ ತಿರುಗಿ, ನಿದ್ದೆ ಬಂದವರಂತೆ ಮಲಗಿಬಿಡುತ್ತಿದ್ದರು. ಅದನ್ನು ಕಂಡ ದಿನವೇ ನಿಬಾಲ್ ಬೇರೆ ಮನೆ ಹುಡುಕಲು ಹೊರಟಳು.

ಅಬೂ ಜರೀರ್ ಬಾಡಿಗೆಗೆ ಕೊಡಲಿದ್ದ ಮನೆ ನೆಲ ಅಂತಸ್ತಿನಲ್ಲಿತ್ತು. ಆತ ಬಚ್ಚಲಿನ ನಲ್ಲಿ ತಿರುಗಿಸಿದ. ನೀರು ಧೋ ಎಂದು ಸುರಿಯಿತು. ಅದೇ ಉತ್ಸಾಹದಲ್ಲಿ ಕರಾರುಪತ್ರವನ್ನೂ ಮುಂದೆ ಚಾಚಿದ.

“ಈ ಬೀದಿಗೆ ನೀರು ಬಿಡೋದು ಯಾವತ್ತು?” ಎಂದಳು ನಿಬಾಲ್.

“ಮಂಗಳವಾರ.”

“ಅಂದ್ರೆ ಇವತ್ತೇ. ನೀರಿನ ದಿನ ಎಲ್ಲರ ಮನೆ ನಲ್ಲೀನೂ ಒಳ್ಳೇದೇ. ನಾನು ಸೋಮವಾರ ಬರ್ತೀನಿ.”

“ಅಷ್ಟರಲ್ಲಿ ಯಾರಾದ್ರೂ ಹಿಡಿದುಬಿಟ್ರೆ ನನ್ನ ಬೈಬೇಡ, ಮಗಳೇ.”

“ನಾನು ಬೈಯಲ್ಲ. ಸೋಮವಾರ ಸೋಮವಾರ ಅವರೇ ನಿಮ್ಮನ್ನ ಬೈತಾರೆ.”

ಸೋಮವಾರ ಬಂದಾಗ ಮನೆ ಖಾಲಿಯಾಗಿಯೇ ಇತ್ತು. ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ನಿಬಾಲ್ ನೇರವಾಗಿ ತಾರಸಿ ಹತ್ತಿದಳು. ಅಬೂ ಜರೀರ್ ಏದುಸಿರು ಬಿಡುತ್ತ ಹಿಂದೆ ಬಂದ. ಇಡೀ ಕಟ್ಟಡಕ್ಕೆ ಅಲ್ಲಿದ್ದದ್ದು ಒಂದೇ ಟ್ಯಾಂಕು. ಅವಳು ಬೆರಳ ಗಿಣ್ಣಿನಿಂದ ಬಡಿದಳು, ಒಳಗೆಲ್ಲ ಬರಿದು.

“ಮೇಲಿನ ಮನೆಯವರು ದಿನಾ ಕಾರು ತೊಳೀತಾರೆ. ನಾನೇನು ಮಾಡ್ಲಿ?”

“ಅವರು ಒಂಟೆ ಬೇಕಾದ್ರೂ ತೊಳ್ಕೊಳ್ಲಿ. ನಮಗೆ ಬೇರೆ ಟ್ಯಾಂಕು, ಬೇರೆ ಪೈಪು, ಮುಚ್ಚಳಕ್ಕೊಂದು ಬೀಗ. ಆಮೇಲೆ ರುಜು.”

“ಬೇರೆಯವರಾಗಿದ್ರೆ ಗೋಡೆಗೆ ಬಣ್ಣ ಕೇಳ್ತಿದ್ರು.”

“ಬಣ್ಣದಲ್ಲಿ ಅಪ್ಪನ ಬೆನ್ನು ಉಜ್ಜೋಕಾಗುತ್ತಾ?”

ಅಬೂ ಜರೀರ್ ಪ್ಲಂಬರನನ್ನು ಕರೆಸಿದ. ಹೊಸ ಟ್ಯಾಂಕು ಬಂತು, ಮಂಗಳವಾರ ತುಂಬಿತು. ರುಜುವಿಗೆ ಕರೆ ಬಂದರೂ ನಿಬಾಲ್ ಮತ್ತೆ ಸೋಮವಾರವೇ ಹೋದಳು. ಪೈಪು ನಿಜಕ್ಕೂ ಬೇರೆಯೋ ಎಂದು ತಿಳಿಯಬೇಕಿತ್ತು. ಮೇಲಿನ ಮನೆಯ ಯಜಮಾನಿಗೆ ನಲ್ಲಿ ತಿರುಗಿಸಲು ಹೇಳಿ, ಕೆಳಗೆ ಬಂದು ತನ್ನದನ್ನೂ ತಿರುಗಿಸಿದಳು. ಮೇಲೆ ಬರೀ ಗಾಳಿ, ಕೆಳಗೆ ನೀರು. ಆಗ ನಿಬಾಲ್ ಪೆನ್ನು ಕೇಳಿದಳು.

ಶಾಯಿ ಆರುವುದರೊಳಗೆ ಮೇಲಿನಾಕೆ ಖಾಲಿ ಬಕೆಟ್ಟು ಹಿಡಿದು ಬಾಗಿಲಿಗೆ ಬಂದಿದ್ದಳು.

“ತಡೀರಿ ಅಕ್ಕ,” ಎಂದಳು ನಿಬಾಲ್, ಟ್ಯಾಂಕಿನ ಬೀಗದ ಕೈಯನ್ನು ಜೇಬಿಗೆ ಹಾಕಿಕೊಳ್ಳುತ್ತ. “ಸಂಜೆ ಅಪ್ಪನ್ನ ಕರ್ಕೊಂಡು ಬರ್ತೀನಿ. ಮೊದಲು ಅವರ ಸ್ನಾನ. ಆಮೇಲೆ ನಿಮ್ಮ ಬಕೆಟ್ಟು.”