ಮೊರುಗಿ ಹೇಳಿ ಮುಗಿಸುವವರೆಗೆ

ನಮ್ಮ ಕಿಯಾಂಜೋಗುವಿನಲ್ಲಿ ಜಡೆ ಹೆಣೆಯುವವರಿಗೇನೂ ಬರವಿಲ್ಲ. ಮಟಾಟು ವ್ಯಾನು ನಿಲ್ಲುವ ತಿರುವಿನಿಂದ ಹಿಡಿದು ಚಹಾ ಸೊಪ್ಪು ತೂಗುವ ಶೆಡ್ಡಿನವರೆಗೂ ಸ್ಟೂಲು ಹಾಕಿಕೊಂಡು ಸಾಲಾಗಿ ಕೂತಿರುತ್ತಾರೆ. ಆದರೆ ಮಕ್ಕಳ ಕೈ ಹಿಡಿದು ಬರುವ ತಾಯಂದಿರು ಅವರನ್ನೆಲ್ಲ ದಾಟಿಕೊಂಡು ನನ್ನ ನಾದಿನಿ ಮೊರುಗಿಯ ಬೇಲಿಯ ಹತ್ತಿರವೇ ಬರುವುದು. ಬೇರೆಯವರ ಕೈಗೆ ಸಿಕ್ಕಿ ಊರು ಒಂದು ಮಾಡುವ ಮಗು ಇವಳ ಮೊಣಕಾಲುಗಳ ನಡುವೆ ಕೂತು ತೂಕಡಿಸುತ್ತದೆ. ಅದು ಹೇಗೆ ಮಾರಾಯ್ತಿ ಎಂದು ಕೇಳಿದರೆ ಹೇಳುವುದಿಲ್ಲ. ಹೇಳುವುದು ಅವಳಿಗೆ ಕಷ್ಟ, ಏಕೆಂದರೆ ಮೊರುಗಿಗೆ ಮಾತು ತೊದಲು.

ಅಂತಿಂಥ ತೊದಲಲ್ಲ. ಮೊದಲ ಅಕ್ಷರ ತುಟಿಯ ಹತ್ತಿರ ಬಂದು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ನಮಗೋ ಎಲ್ಲಿಲ್ಲದ ಅವಸರ. ಅವಳು "ಸ... ಸ..." ಅನ್ನುವಷ್ಟರಲ್ಲಿ ಒಬ್ಬರು "ಸಕ್ಕರೆ ಬೇಕಾ?" ಅನ್ನುತ್ತಾರೆ, ಇನ್ನೊಬ್ಬರು "ಸಂತೆಗೆ ಹೊರಟ್ಯಾ?" ಅನ್ನುತ್ತಾರೆ. ಪಾಪ, ಯಾವುದೋ ಒಂದಕ್ಕೆ ತಲೆಯಾಡಿಸಿ ಸುಮ್ಮನಾಗುತ್ತಾಳೆ. ಹೀಗೆ ಬೇಡದ ಸಕ್ಕರೆಯ ಚಹಾ ಎಷ್ಟು ಕುಡಿದಿದ್ದಾಳೋ ದೇವರಿಗೇ ಗೊತ್ತು.

ಊರಿನವರು ಚಿಕ್ಕಂದಿನಿಂದಲೂ ಅವಳಿಗೆ ಇಟ್ಟ ಹೆಸರು ಗೋಸುಂಬೆ. ನಮ್ಮ ಕಡೆ ಅದು ಸಣ್ಣ ಬೈಗುಳವಲ್ಲ. ಮನುಷ್ಯರಿಗೆ ಸಾವಿಲ್ಲ, ಸತ್ತರೂ ಎದ್ದು ಬರುತ್ತಾರೆ ಎಂಬ ಸುದ್ದಿಯನ್ನು ದೇವರು ಗೋಸುಂಬೆಯ ಕೈಯಲ್ಲಿ ಹೇಳಿ ಕಳಿಸಿದ್ದನಂತೆ. ಅದು ನಿಧಾನಕ್ಕೆ ಬಂದು, ಜನರೆದುರು ನಿಂತು, "ನನಗೆ ಹೇಳಿದ್ದು... ನನಗೆ ಹೇಳಿದ್ದು..." ಎಂದು ತೊದಲುತ್ತಿರುವಾಗಲೇ ಹಕ್ಕಿಯೊಂದು ಹಾರಿ ಬಂದು, ಮನುಷ್ಯರು ಸಾಯುತ್ತಾರೆ ಎಂದು ಪಟಪಟನೆ ಹೇಳಿಬಿಟ್ಟಿತು. ಜನ ಹಕ್ಕಿಯ ಮಾತನ್ನೇ ಕೇಳಿಕೊಂಡು ಮನೆಗೆ ಹೋದರು. ಅವತ್ತಿನಿಂದ ಗೋಸುಂಬೆ ಕಂಡರೆ ನಮ್ಮವರು ದಾರಿ ಬಿಟ್ಟು ನಡೆಯುತ್ತಾರೆ, ಧೈರ್ಯ ಇದ್ದವರು ಕಲ್ಲು ಹೊಡೆಯುತ್ತಾರೆ.

ಹಾಗೆ ಕಲ್ಲು ಹೊಡೆಸಿಕೊಳ್ಳುತ್ತಿದ್ದ ಒಂದನ್ನು ಮೊರುಗಿ ಕಾಪಾಡಿ ತಂದಳು. ಪೋಲಿಗಳು ಅದರ ಬಾಯಿಗೆ ನಶ್ಯ ತುರುಕಿ, ಅದು ಒದ್ದಾಡುವುದನ್ನು ನೋಡಿ ನಗುತ್ತಿದ್ದರಂತೆ. ಇವಳು ಹೋಗಿ ಕೈ ಹಾಕಲಿಲ್ಲ, ಕೂಗಾಡಲಿಲ್ಲ, ಒಂದು ಕಡ್ಡಿ ಮುರಿದು ಅದರ ಮುಂಗಾಲಿನ ಎದುರು ಹಿಡಿದು ಕೂತಳು. ಅದಾಗಿ ಅದು ಹತ್ತಿಕೊಳ್ಳುವವರೆಗೂ ಏಳಲಿಲ್ಲ. ಬಾಯಿ ತೊಳೆಸಿ ತನ್ನ ಬೇಲಿಗೆ ತಂದು ಬಿಟ್ಟಳು, ನ್ಯಾಂಬುರಾ ಎಂದು ಹೆಸರಿಟ್ಟಳು. ಗಂಡಿಗಾದರೆ ಮುಖದ ಮೇಲೆ ಮೂರು ಕೊಂಬು ಉದ್ದಕ್ಕೆ ಚಾಚಿರುತ್ತವೆ. ನ್ಯಾಂಬುರಾ ಹೆಣ್ಣು, ಮೂಗಿನ ತುದಿಯಲ್ಲಿ ಒಂದೇ ಒಂದು ಗಿಡ್ಡ ಕೊಂಬು. ಪಂಜರ ಇಲ್ಲ, ದಾರ ಇಲ್ಲ, ಆದರೂ ಬೇಲಿ ಬಿಟ್ಟು ಹೋಗಲಿಲ್ಲ.

ನಾನಂತೂ ಹತ್ತಿರ ಸುಳಿಯುತ್ತಿರಲಿಲ್ಲ. ದೂರದಿಂದಲೇ, "ನಿನ್ನ ಮಗಳು ಇವತ್ತು ಕಪ್ಪಗಾಗಿದ್ದಾಳಲ್ಲೇ, ನನ್ನ ಮುಖ ನೋಡಿ ಸಿಟ್ಟು ಬಂತಾ?" ಎಂದು ಒಂದು ದಿನ ಕೆಣಕಿದೆ.

ಅವಳು ನಗುತ್ತಾ ಬೆರಳೆತ್ತಿದಳು. ಅವಳು ಬೆರಳೆತ್ತಿದರೆ ತಡಿ, ಹೇಳುತ್ತೇನೆ ಎಂದರ್ಥ. "ಬ... ಬೆಳಗಿನ ಚಳಿ ಅತ್ತಿಗೆ. ಬಿ... ಬಿಸಿಲು ಕುಡೀತಿದಾಳೆ. ಬಣ್ಣ ನೋ... ನೋಡಬೇಡಿ. ಕಾಲು ನೋಡಿ."

ಅವಳು ಕಲಿತದ್ದೆಲ್ಲ ಹೀಗೆ ನೋಡಿ ನೋಡಿ ಕಲಿತದ್ದು. ಮೇಲಿನಿಂದ ಕೈ ತಂದರೆ ನ್ಯಾಂಬುರಾಗೆ ಅದು ಹದ್ದು. ಮೈಯನ್ನು ಎಲೆಯ ಹಾಗೆ ಚಪ್ಪಟೆ ಮಾಡಿ ಪಕ್ಕಕ್ಕೆ ತಿರುಗಿಸಿದರೆ, ನಾನು ದೊಡ್ಡವಳು, ಬರಬೇಡ ಎಂದು. ಅದಕ್ಕೂ ಕೇಳದಿದ್ದರೆ ಬಾಯಿ ತೆರೆದು ಬುಸ್ ಎನ್ನುತ್ತಾಳೆ. ಒಂದು ಕಣ್ಣು ಮುಂದಕ್ಕೆ ಒಂದು ಕಣ್ಣು ಹಿಂದಕ್ಕೆ ಆರಾಮಾಗಿ ತಿರುಗುತ್ತಿದ್ದರೆ ಮನಸ್ಸು ನೆಟ್ಟಗಿದೆ ಎಂದು ಲೆಕ್ಕ. ಮೊರುಗಿ ತೋಳನ್ನು ಕೆಳಗಿನಿಂದ ಚಾಚಿ ಸುಮ್ಮನಿರುತ್ತಿದ್ದಳು. ಮನಸ್ಸಾದರೆ ಅದು ಹತ್ತುತ್ತಿತ್ತು, ಇಲ್ಲದಿದ್ದರೆ ಇವಳೇ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು. ಜಡೆ ಹೆಣೆಯುವಾಗ ಮಗುವಿನ ಹೆಗಲು ಕಿವಿಯ ಹತ್ತಿರಕ್ಕೆ ಏರಿದರೆ ಕೈ ನಿಲ್ಲಿಸುವುದು ಕೂಡ ಹೀಗೇ.

"ಬಿಗಿಯಾಗಿ ಹಿ... ಹಿಡ್ಕೊಂಡ್ರೆ ಅವಳಿಗೆ ಹೆದರಿಕೆ," ಎಂದಿದ್ದಳು ಒಂದು ಸಲ, ಕೊಂಬೆ ಹಿಡಿದಿದ್ದ ನ್ಯಾಂಬುರಾಳ ಕಾಲು ತೋರಿಸಿ. "ಹಿಡಿಯೋದೇ ಬಿ... ಬಿಟ್ಟುಬಿಟ್ರೆ, ಆಗ ನಂಗೆ ಹೆ... ಹೆದರಿಕೆ."

ನನ್ನ ಮಗಳು ವಂಗೇಚಿಯ ಮದುವೆ ಮಾತುಕತೆಗೆ ದಿನ ಗೊತ್ತಾದಾಗ ನಮ್ಮಿಬ್ಬರಿಗೂ ಜಟಾಪಟಿ ಶುರುವಾಯಿತು. ಬೀಗರು ಬರುವುದು ನಮ್ಮ ಅಂಗಳಕ್ಕೆ. ಮೊರುಗಿಯ ಬೇಲಿ ನಮ್ಮ ಅಂಗಳದ ಬೇಲಿಯೇ.

"ನೋಡು ಮೊರುಗಿ, ನಿನ್ನ ಆ ಪ್ರಾಣೀನ ಶನಿವಾರದೊಳಗೆ ಎಲ್ಲಾದ್ರೂ ಸಾಗ್ಹಾಕು," ಎಂದೆ.

"ಆ... ಆ..."

"ಆಗಲ್ವಾ? ಯಾಕಾಗಲ್ಲ? ಬೀಗರು ಕಂಡ್ರೆ ಬಂದ ಕಾಲಲ್ಲೇ ವಾಪಸ್ ಹೋಗ್ತಾರೆ, ಗೊತ್ತಾ?"

ಅವಳು ಮಾತು ಬಿಟ್ಟು ನನ್ನ ಕೈ ಹಿಡಿದು ಬೇಲಿಯ ಹತ್ತಿರ ಎಳೆದುಕೊಂಡು ಹೋದಳು. ನ್ಯಾಂಬುರಾ ಹೊಟ್ಟೆ ಎರಡೂ ಕಡೆ ಉಬ್ಬಿ, ಕಾಳು ತುಂಬಿದ ಚೀಲದ ಹಾಗೆ ಕೊಂಬೆಯ ಮೇಲೆ ಕೂತಿತ್ತು. ಈ ಜಾತಿಯದು ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. "ದಿ... ದಿನ ತುಂಬಿದೆ ಅತ್ತಿಗೆ. ಈಗ ಕೈ ಹಾಕಿದ್ರೆ ತಾ... ತಾಯಿನೂ ಇಲ್ಲ, ಮಕ್ಕಳೂ ಇಲ್ಲ."

ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. "ಅಯ್ಯೋ ದೇವರೇ! ಮದುವೆ ಮಾತಾಡೋ ಅಂಗಳದಲ್ಲಿ ಸಾವಿನ ಸುದ್ದಿಯೋಳು ಬಾಣಂತನಕ್ಕೆ ಕೂತಿದ್ದಾಳೆ!" ಎಂದು ತಲೆ ಚಚ್ಚಿಕೊಂಡೆ. ಕೊನೆಗೆ ಒಂದು ಒಪ್ಪಂದ ಆಯಿತು. ಬೇಲಿಯ ಆ ಭಾಗಕ್ಕೆ ಲೆಸೋ ಬಟ್ಟೆ ಒಣಹಾಕಿದಂತೆ ಇಳಿಬಿಡುವುದು. ಯಾರ ಕಣ್ಣಿಗಾದರೂ ಬಿದ್ದು ಮಾತುಕತೆ ಮುರಿದರೆ ನಾನೇ ಅದನ್ನು ದಿಬ್ಬದಾಚೆ ಎಸೆಯುವುದು, ಅವಳು ತಡೆಯಕೂಡದು. ಮೊರುಗಿ ಒಪ್ಪಿಕೊಂಡಳು, ಆದರೆ ಅವತ್ತಿನಿಂದ ಸರಿಯಾಗಿ ಊಟ ಮಾಡಲಿಲ್ಲ.

ಶನಿವಾರ ಬೀಗರು ಗೇಟಿನ ಹೊರಗೆ ನಿಂತು ಹಾಡಿದರು, ನಮ್ಮ ಹೆಂಗಸರು ಒಳಗಿನಿಂದ ಹಾಡಿ ಕಾಡಿಸಿದರು, ಆಮೇಲೆ ಗೇಟು ತೆಗೆದೆವು. ಹುಡುಗನ ಅಜ್ಜಿ ನ್ಯಾಗುಥಿ ಕೋಲೂರಿಕೊಂಡು ಬಂದು ನೆರಳಿನಲ್ಲಿ ಕೂತರು. ಹಿರಿಯರು ಒಳಗೆ ಹೆಣ್ಣಿನ ತೆರವಾಗಿ ಕೊಡುವ ಆಡುಗಳ ಮಾತಿಗೆ ಕೂತರು. ಎಲ್ಲ ಸುಸೂತ್ರವಾಗಿಯೇ ನಡೆಯುತ್ತಿತ್ತು. ಕೆಟ್ಟದ್ದು ಹುಡುಗನ ಚಿಕ್ಕಪ್ಪ ವಹೋಮೆಯಿಂದ. ಜೇನಿನ ಹೆಂಡ ನಾಲ್ಕು ಲೋಟ ಹೆಚ್ಚೇ ಇಳಿಸಿ, ಹೊಟ್ಟೆ ಹಗುರ ಮಾಡಿಕೊಳ್ಳಲು ಬೇಲಿಯ ಕಡೆ ಹೋದವನು ಲೆಸೋ ಎತ್ತಿ ನೋಡಿದ.

"ಓಹೋ! ಬೀಗರು ಒಳ್ಳೇ ಹೆಂಡಾನ ಇಲ್ಲಿ ಬಚ್ಚಿಟ್ಟಿರ್ಬೇಕು ಅಂದ್ಕೊಂಡ್ರೆ, ಇದೇನ್ರೀ ಇದು!"

ಹೇಳುತ್ತಲೇ ನ್ಯಾಂಬುರಾಳ ಬೆನ್ನಿಗೆ ಮೇಲಿನಿಂದ ಕೈ ಹಾಕಿ ಕಿತ್ತ. ಕೊಂಬೆಯನ್ನು ಕಚ್ಚಿ ಹಿಡಿದಿದ್ದ ಉಗುರುಗಳ ಜೊತೆ ತೊಗಟೆಯೂ ಕಿತ್ತು ಬಂತು. ಅಂಗಳದ ನಡುವೆ ತಂದು ಎತ್ತಿ ತೋರಿಸಿದ. ಹೆಂಗಸರು ಚೀರಿಕೊಂಡು ಎದ್ದರು, ಬೆಂಚು ಮಗುಚಿತು. ನ್ಯಾಂಬುರಾ ಇದ್ದಿಲಿನ ಬಣ್ಣಕ್ಕೆ ತಿರುಗಿ, ಮೈ ಚಪ್ಪಟೆ ಮಾಡಿ, ಬಾಯಿ ಅಗಲಿಸಿ ಬುಸುಗುಟ್ಟುತ್ತಿದ್ದಳು.

"ಯಾಕ್ರೀ ಹೆದರ್ತೀರಾ? ನಾನು ನೈರೋಬಿಗೆ ಲಾರಿ ಓಡ್ಸೋನು, ಇಂಥದಕ್ಕೆಲ್ಲ ಹೆದರೋ ಮಗ ಅಲ್ಲ!"

ಮುಗಿಯಿತು ಮಗಳ ಸಂಬಂಧ ಎಂದುಕೊಂಡೆ. ಆದರೆ ನೋಡುತ್ತಿದ್ದ ಹಾಗೆ ಬುಸುಗುಟ್ಟುವುದು ನಿಂತಿತು. ಬಾಯಿ ಮುಚ್ಚಿತು. ಕಪ್ಪು ಇಳಿದು ತಿಳಿ ಹಸಿರು ಬಂತು. ಕಣ್ಣು ಎರಡೂ ಮುಚ್ಚಿಕೊಂಡವು.

"ನೋಡಿದ್ರಾ! ನನ್ನ ಕೈ ಬಿಸಿಗೆ ಹಾಯಾಗಿ ನಿದ್ದೆ ಹೋಯ್ತು," ಎಂದು ವಹೋಮೆ ಬೀಗಿದ. "ನಮ್ಮನೆಗೆ ಬರೋ ಸೊಸೇರೂ ಹೀಗೇನೇ. ಮೊದಮೊದಲು ಬುಸ್ ಬುಸ್, ಆಮೇಲೆ ತಣ್ಣಗೆ!"

ಗಂಡಸರು ಹೋ ಎಂದು ನಕ್ಕರು. ಬಾಗಿಲ ಸಂದಿಯಲ್ಲಿ ನಿಂತಿದ್ದ ವಂಗೇಚಿಯ ಮುಖ ಸಣ್ಣಗಾಯಿತು. ನನಗೆ ಮೈಯೆಲ್ಲ ಉರಿಯಿತು, ಆದರೆ ಹೆಣ್ಣು ಹೆತ್ತವಳು, ಏನು ಹೇಳಲಿ? ಅಷ್ಟರಲ್ಲಿ ಅಡುಗೆ ಒಲೆಯ ಹತ್ತಿರ ಆಲೂಗಡ್ಡೆ, ಕಾಳು ಹಿಸುಕಿ ಮುಕಿಮೊ ಕಲಸುತ್ತಿದ್ದ ಮೊರುಗಿ ಸೌಟು ಬಿಟ್ಟು ಬಂದಳು. ಓಡಲಿಲ್ಲ. ವಹೋಮೆಯ ಕೈಯಿಂದ ಕಣ್ಣು ಕೀಳದೆ ನಡೆದು ಬಂದು ಅವನೆದುರು ನಿಂತು ಬೆರಳೆತ್ತಿದಳು.

"ಅ... ಅ... ಅವ..."

"ಅವರೆಕಾಳು ಬೆಂದಿಲ್ವಂತೆ!" ಎಂದನೊಬ್ಬ.

"ಅವಳಿಗೂ ಒಬ್ಬ ಗಂಡು ಬೇಕಂತೆ!" ಎಂದನು ಇನ್ನೊಬ್ಬ.

"ತಡೀರ್ರೋ, ದೇವರ ಹತ್ರದಿಂದ ಸುದ್ದಿ ತಂದಿದ್ದಾಳೆ," ಎಂದ ವಹೋಮೆ. "ಮಳೆ ಬರೋದ್ರೊಳಗೆ ಹೇಳಿ ಮುಗಿಸ್ತಾಳೆ!"

ಮೊರುಗಿಯ ಕಣ್ಣಲ್ಲಿ ನೀರು ತುಂಬಿತು, ಆದರೂ ಬೆರಳು ಇಳಿಯಲಿಲ್ಲ. ಅವಳ ಮಾತು ನಾನೇ ಮುಗಿಸಿಬಿಡೋಣ ಎಂದು ಬಾಯಿ ತೆರೆದೆ. ಆಗ ಠಣ್ ಎಂದು ಸದ್ದಾಯಿತು. ಅಜ್ಜಿ ನ್ಯಾಗುಥಿ ಕೋಲಿನಿಂದ ತಗಡಿನ ಬಕೆಟ್ಟಿಗೆ ಬಾರಿಸಿದ್ದರು.

"ಬಾಯ್ಮುಚ್ಚೋ ವಹೋಮೆ! ಎಲ್ಲರೂ ಬಾಯ್ಮುಚ್ಚಿ! ಒಂದ್ಸಲ ಕಾಯೋಕಾಗ್ದೆ ಹಕ್ಕಿ ಮಾತು ಕೇಳಿದ್ದಕ್ಕೇ ಅಲ್ವೇನ್ರೋ ನಾವೆಲ್ಲ ಮಣ್ಣಿಗೆ ಹೋಗ್ತಿರೋದು? ಈ ಸಲವಾದ್ರೂ ಕಾಯ್ರಿ. ಹೇಳವ್ವ, ನೀನು ಹೇಳು. ನಂಗೇನೂ ಅವಸರ ಇಲ್ಲ."

ಒಳಗಿದ್ದ ಹಿರಿಯರೂ ಬಾಗಿಲಿಗೆ ಬಂದರು. ನಾನು ಕಂಡ ಹಾಗೆ ಮೊರುಗಿಯ ಮಾತಿಗೆ ಇಷ್ಟು ಜನ ಬಾಯಿ ಕಟ್ಟಿಕೊಂಡು ಕಾದದ್ದು ಅದೇ ಮೊದಲು.

"ಅ... ಅವಳು ಮಲಗಿಲ್ಲ," ಎಂದಳು ಮೊರುಗಿ. "ಹ... ಹಗಲು ಹೊತ್ತು ಗೋಸುಂಬೆ ಕಣ್ಣು ಮು... ಮುಚ್ಚಲ್ಲ. ಬಣ್ಣ ನೋಡಬೇಡಿ, ಕಾ... ಕಾಲು ನೋಡಿ. ಹಿ... ಹಿಡ್ಕೊಂಡಿಲ್ಲ. ಸೋ... ಸೋತು ಕೈ ಬಿಟ್ಟಿದ್ದಾಳೆ. ಹೊಟ್ಟೆ ತುಂಬ ಮ... ಮಕ್ಕಳಿವೆ ಅಣ್ಣ. ಬೆರಳು ಸ... ಸಡಿಲ ಮಾಡಿ. ಅಲ್ಲಾಡಬೇಡಿ. ಮ... ಮರ ಆಗಿ."

ಎಲ್ಲರೂ ಕಾಲು ನೋಡಿದೆವು. ನಿಜ, ನಾಲ್ಕೂ ಕಾಲು ಅವನ ಬೆರಳುಗಳ ಸಂದಿಯಿಂದ ಬಾಡಿದ ಸೊಪ್ಪಿನ ಹಾಗೆ ಜೋತುಬಿದ್ದಿದ್ದವು. ವಹೋಮೆಯ ಹೆಂಡ ಇಳಿದುಹೋಯಿತು ಎಂದು ಕಾಣುತ್ತದೆ. ಬೆರಳು ಸಡಿಲಿಸಿ, ಅಂಗೈ ಮೇಲೆ ಅದನ್ನಿಟ್ಟುಕೊಂಡು ಮರವಾದ. ಹಣೆಯಿಂದ ಬೆವರು ಇಳಿದು ಮೂಗಿನ ತುದಿಯಲ್ಲಿ ತೊಟ್ಟಿಕ್ಕುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

ಮೊರುಗಿ ಬೇಲಿಯಿಂದ ಕೊಂಬೆ ಮುರಿದು ತಂದು, ಕೆಳಗಿನಿಂದ ನಿಧಾನಕ್ಕೆ ಮುಂಗಾಲಿನ ಹತ್ತಿರ ಹಿಡಿದಳು. ತನ್ನ ಮೈಯನ್ನೇ ಅಡ್ಡ ಮಾಡಿ ನೆರಳು ಕೊಟ್ಟಳು. ಆಮೇಲೆ ಏನೂ ಮಾಡಲಿಲ್ಲ, ಬರೀ ಕಾದಳು. ಕೆಂಡದ ಮೇಲಿನ ಮಾಂಸ ಸೀದು ಹೊಗೆಯಾಡಿತು, ಯಾರೂ ಅತ್ತ ಹೋಗಲಿಲ್ಲ. ನಾನು ಜಪಮಾಲೆ ತೆಗೆದು ಗೋಸುಂಬೆಗೋಸ್ಕರ ಪ್ರಾರ್ಥನೆ ಮಾಡುತ್ತಿದ್ದೇನೆ ಎಂದು ನನಗೇ ಗೊತ್ತಾದದ್ದು ಎಷ್ಟೋ ಹೊತ್ತಿನ ಮೇಲೆ.

ಮೊದಲು ಒಂದು ಬೆರಳು ಅಲುಗಿತು. ಮುಂಗಾಲು ಗಾಳಿಯಲ್ಲಿ ಹುಡುಕಾಡಿ ಕೊಂಬೆಯನ್ನು ಮುಟ್ಟಿತು, ಮುಟ್ಟಿ ಬಿಟ್ಟಿತು, ಮತ್ತೆ ಮುಟ್ಟಿ ಹಿಡಿದುಕೊಂಡಿತು. ಒಂದು ಕಣ್ಣು ತೆರೆದು ಸರ್ರನೆ ಹಿಂದಕ್ಕೆ ತಿರುಗಿ ವಹೋಮೆಯ ಮುಖವನ್ನೇ ನೋಡಿತು.

"ಯಪ್ಪಾ, ನನ್ನ ಗುರುತಿಟ್ಕೊಳ್ತಿದೆ," ಎಂದು ಅವನು ತುಟಿ ಅಲುಗಿಸದೆ ಪಿಸುಗುಟ್ಟಿದ.

"ಇಟ್ಕೊಳ್ಳಲಿ ಬಿಡು, ಚೆನ್ನಾಗೇ ಇಟ್ಕೊಳ್ಳಲಿ," ಎಂದರು ಅಜ್ಜಿ. ಆಮೇಲೆ ನನ್ನ ಅಳಿಯನಾಗುವವನ ಕಡೆ ತಿರುಗಿದರು. "ನೀನೂ ಕೇಳಿಸ್ಕೊಂಡ್ಯೇನೋ? ಹೆಂಡ್ತಿ ಬುಸ್ ಅಂದ್ರೆ ಭಯ ಬೇಡ. ಬಾಯಿ ಕಟ್ಟಿ ತಣ್ಣಗಾದ್ಲು ಅನ್ನು, ಆಗ ಬಂದು ಕಾಲು ನೋಡು."

ನನ್ನ ಮಗಳು ಬಾಗಿಲ ಸಂದಿಯಲ್ಲೇ ನಕ್ಕಳು. ಮಾತುಕತೆ ಮುರಿಯಲಿಲ್ಲ. ಮುರಿಯುವುದಿರಲಿ, ಅಜ್ಜಿ ಹೊರಡುವಾಗ ನ್ಯಾಂಬುರಾ ಸುಖವಾಗಿ ಹೆತ್ತರೆ ಹೇಳಿ ಕಳಿಸಬೇಕೆಂದು ನನ್ನಿಂದ ಮಾತು ತೆಗೆದುಕೊಂಡರು. ಆದರೆ ಮೊರುಗಿಯ ಮುಖ ಅರಳಲಿಲ್ಲ. ಕೊಂಬೆ ಹಿಡಿದದ್ದೇನೋ ಸರಿ, ಹೊಟ್ಟೆಯೊಳಗಿನವು ಉಳಿದಿವೆಯೋ ಇಲ್ಲವೋ ಅವಳಿಗೂ ತಿಳಿಯದು.

ಆ ವಾರವೆಲ್ಲ ಅವಳು ಯಾರ ತಲೆಗೂ ಬಾಚಣಿಗೆ ಹಚ್ಚಲಿಲ್ಲ. ಬಂದ ಮಕ್ಕಳನ್ನು ಬೇಲಿಯಿಂದ ದೂರವೇ ತಡೆದು ವಾಪಸು ಕಳಿಸುತ್ತಿದ್ದಳು. ಒಂದು ಬೆಳಿಗ್ಗೆ ನಾನು ನ್ಜಾಹಿ ಕಾಳು ಬೇಯಿಸಿದೆ. ನಮ್ಮಲ್ಲಿ ಬಾಣಂತಿಗೆ ಕೊಡುವ ಕಪ್ಪು ಕಾಳು ಅದು. ಗೋಸುಂಬೆ ತಿನ್ನುವುದಿಲ್ಲ ಎಂದು ನನಗೂ ಗೊತ್ತು. ಆದರೆ ಅದಕ್ಕಾಗಿ ಉಪವಾಸ ಬಿದ್ದಿರುವವಳಾದರೂ ತಿನ್ನಲಿ ಎಂದು ಬಟ್ಟಲು ಹಿಡಿದು ಹೋದೆ.

ಮೊರುಗಿ ಮಂಜಿನಲ್ಲೇ ಬೇಲಿಯ ಬುಡದಲ್ಲಿ ಕೂತಿದ್ದಳು. ಬಟ್ಟಲು ತೆಗೆದುಕೊಂಡು, ತಿನ್ನದೆ ಮಡಿಲಲ್ಲಿಟ್ಟುಕೊಂಡು, ನನ್ನ ಕಡೆ ಬೆರಳೆತ್ತಿದಳು.

"ಉ..." ಎಂದಳು. "ಉ... ಉ..."

ಉಪ್ಪು ಸಾಲದಾ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಜ್ಜಿಯ ಕೋಲು ನೆನಪಾಗಿ ನುಂಗಿಕೊಂಡೆ. ಅವಳ ಪಕ್ಕದಲ್ಲಿ ಒದ್ದೆ ಹುಲ್ಲಿನ ಮೇಲೆ ಕೂತು, ಕೈ ಕಟ್ಟಿಕೊಂಡು, ನಾನೂ ಕಾದೆ.

"ಉ... ಉಳ್ಕೊಂಡ್ವು ಅತ್ತಿಗೆ," ಎಂದಳು ಮೊರುಗಿ, ಬೇಲಿಯ ಎಲೆ ಎಲೆಗೂ ಅಂಟಿಕೊಂಡಿದ್ದ ಕಡ್ಡಿಯಷ್ಟೇ ಸಣ್ಣ ಮರಿಗಳನ್ನು ತೋರಿಸುತ್ತಾ. "ನೋ... ನೋಡಿ, ಹೆಂಗೆ ಹಿಡ್ಕೊಂಡಿವೆ."