ಫೋನಿಗೆ ಒದ್ದೆ ಟವೆಲ್

ಗೆಳೆಯರೇ, ಸಂಜೆಯಿಂದ ನಾನು ಫೋನ್ ಎತ್ತುತ್ತಿಲ್ಲವೆಂದು ಬೈಯಬೇಡಿ. ಅದು ನಮ್ಮ ಕಾಕಾ ಅವರ ವಶದಲ್ಲಿದೆ.

ಕುಪವಾಡದ ಕಾರ್ಖಾನೆಯಿಂದ ಬಂದವನೇ ಬುಧಗಾಂವದ ಮನೆಯ ಕಟ್ಟೆಯ ಮೇಲೆ ಕುಳಿತು ರೇಸ್ ಆಟ ಶುರು ಮಾಡಿದೆ. ಮುಂದಿನ ಯಾವುದೋ ಶತಮಾನದ ಆಟ ಅದು. ಗಾಡಿಗೆ ಚಕ್ರವಿಲ್ಲ, ದಾರಿ ಆಕಾಶದಲ್ಲಿ ಸುತ್ತುತ್ತದೆ, ಕಣ್ಣು ಮಿಟುಕಿಸಿದರೆ ಪಾತಾಳ. ದಿನವಿಡೀ ಒಂದೇ ಮಷಿನ್ ಮುಂದೆ ನಿಂತು ಬಂದವನಿಗೆ ಆ ವೇಗ ಬೇಕೇ ಬೇಕು. ಒಂದು ಕಾಲದಲ್ಲಿ ಎತ್ತಿನಗಾಡಿ ಓಟದ ಶರ್ಯತ್ತುಗಳಲ್ಲಿ ಗಾಡಿ ಓಡಿಸಿದ್ದ ಕಾಕಾ ಪಕ್ಕದಲ್ಲೇ ಕುಳಿತು ನೋಡುತ್ತಿದ್ದರು. ಕೊನೆಯ ತಿರುವಿನಲ್ಲಿ ನಾನು ಸೋತಾಗ ನನಗಿಂತ ಮೊದಲು ಅವರೇ ತೊಡೆ ಬಡಿದುಕೊಂಡು "ಹೋತಲ್ಲೋ!" ಎಂದರು.

ಮತ್ತೆ ಶುರು ಮಾಡುವಷ್ಟರಲ್ಲಿ ಫೋನ್ ಕಸಿದುಕೊಂಡು ಅದರ ಬೆನ್ನು ಮುಟ್ಟಿ ನೋಡಿದರು.

"ಮೈ ಸುಡಾಕತ್ತೈತಿ. ಇವತ್ತಿಗೆ ಸಾಕು."

"ಅಹೋ ಕಾಕಾ, ಅದು ಫೋನ್ ಐತ್ರಿ. ಏನೂ ಆಗೂದಿಲ್ಲ. ಇನ್ನೊಂದ ಸಲ, ಈಗ ಗೆಲ್ತೇನಿ."

"ನಾನೂ ಹಂಗ ಅಂದಿದ್ದೆ. ಸರ್ಜಾನ ಮೈ ಹಿಂಗ ಸುಡತಿತ್ತು. ಇನ್ನೊಂದ ಸಲ ಅಂತ ಹೂಡಿದೆ. ಗೆದ್ದ. ಮನೀಗೆ ಬರಲಿಲ್ಲ."

ಸರ್ಜಾ ಅವರ ಎತ್ತು. ಅವನ ಫೋಟೊ ಇವತ್ತಿಗೂ ಪಡಸಾಲೆಯಲ್ಲಿದೆ. ಹೇಗೆ ಸತ್ತ ಎಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಫೋನಿಗೆ ಒದ್ದೆ ಟವೆಲ್ ಸುತ್ತಿ ಸರ್ಜಾ ಮೇಯುತ್ತಿದ್ದ ಖಾಲಿ ಗೋದಲಿಯಲ್ಲಿ ಮಲಗಿಸಿದ್ದಾರೆ. ನೀರಿಗೆ ಅದು ಕೆಡುತ್ತದೆ ಎಂದು ಗೊತ್ತಿದ್ದೂ, ಜಾರಿದ್ದ ಟವೆಲಿನ ತುದಿಯನ್ನು ನಾನೇ ಸರಿ ಮಾಡಿ ಬಂದೆ.

ಇದನ್ನು ಹೆಂಡತಿಯ ಫೋನಿನಿಂದ ಬರೆಯುತ್ತಿದ್ದೇನೆ. ಕಾಕಾ ಆಗಲೇ ಬಂದು ಇದರ ಬೆನ್ನನ್ನೂ ಮುಟ್ಟಿ ನೋಡಿ ಹೋದರು.