ಫೋಟೋದೊಳಗಿನ ಹೆಸರು

ಮುಳಬಾಗಿಲಿನ ನಮ್ಮ ಸ್ಟುಡಿಯೋಗೆ ಕಂಪ್ಯೂಟರ್ ಬಂದಾಗ ನಾನು ಕೋಲಾರದಲ್ಲಿ ಡಿಗ್ರಿ ಓದುತ್ತಿದ್ದೆ. ಸಂಜೆ ಬಸ್ಸಿಳಿದು ನೇರ ಅಂಗಡಿಗೆ ಹೋಗಿ ಅಪ್ಪನ ಕುರ್ಚಿಯಲ್ಲಿ ಕೂರುತ್ತಿದ್ದೆ. ಅಪ್ಪನಿಗೆ ಮೌಸ್ ಕಂಡರೆ ಅಳುಕು. ಹಾಗೆಂದು ಒಪ್ಪಿಕೊಳ್ಳುವ ಆಸಾಮಿಯಲ್ಲ. "ನಿನಗೆ ಅಭ್ಯಾಸ ಆಗ್ಲಿ ಅಂತ" ಎನ್ನುತ್ತಿದ್ದರು.

ಫೋಟೋ ತೆರೆದರೆ ಪರದೆಯ ಬಲಗಡೆ ಒಂದು ಪಟ್ಟಿ ಬಿಚ್ಚಿಕೊಳ್ಳುತ್ತಿತ್ತು. ಯಾವ ಕ್ಯಾಮೆರಾ, ಯಾವ ಹೊತ್ತು, ಫ್ಲಾಶ್ ಹೊಡೆದಿತ್ತೋ ಇಲ್ಲವೋ, ಚಿತ್ರದ ಒಳಗೆ ಅಡಗಿದ್ದ ವಿವರಗಳೆಲ್ಲ ಅಲ್ಲಿ ಬೂದು ಅಕ್ಷರಗಳಲ್ಲಿ ಕಾಣುತ್ತಿದ್ದವು. ಅವನ್ನು ಓದಬಹುದಿತ್ತು, ತಿದ್ದಲು ಬರುತ್ತಿರಲಿಲ್ಲ. ಕೆಳಗೆ ಬಿಳಿ ಚೌಕಗಳಿದ್ದವು: ಶೀರ್ಷಿಕೆ, ವಿವರಣೆ, ತೆಗೆದವರು. ಅಲ್ಲಿ ನಾವು ಬರೆದದ್ದೇ ಸತ್ಯ. ತೆಗೆದವರ ಚೌಕದಲ್ಲಿ ಅಪ್ಪನ ಹೆಸರು ತಾನಾಗಿ ಬಂದು ಕೂರುವಂತೆ ಕಂಪ್ಯೂಟರ್ ಮಾರಿದವನೇ ಮಾಡಿಕೊಟ್ಟು ಹೋಗಿದ್ದ.

ಆದರೆ ನಮ್ಮಲ್ಲಿ ಕ್ಯಾಮೆರಾ ಎರಡಿದ್ದವು. ದೊಡ್ಡದು ಅಪ್ಪನದು, ಚಿಕ್ಕದು ಅಮ್ಮನದು. ಮದುವೆ ಮನೆಯಲ್ಲಿ ಹೆಣ್ಣಿಗೆ ಅರಿಸಿನ ಹಚ್ಚಿ ನೀರು ಹಾಕುವ ಕಡೆಗೆ ಗಂಡಸರನ್ನು ಬಿಡುತ್ತಿರಲಿಲ್ಲ. ಅಲ್ಲಿಗೆ ಹೋಗುತ್ತಿದ್ದವಳು ಅಮ್ಮ. ಆಲ್ಬಮ್ಮಿನ ಮೇಲೆ ಮಾತ್ರ ಅಪ್ಪನ ಹೆಸರೇ ಇರುತ್ತಿತ್ತು, ಯಾರೂ ಕೇಳಿದ್ದಿಲ್ಲ.

ಒಮ್ಮೆ ಕೋಲಾರದ ಫೋಟೋಗ್ರಾಫರುಗಳು ಸೇರಿ ಪ್ರದರ್ಶನ ಇಟ್ಟರು. ತೆಗೆದವರ ಹೆಸರನ್ನು ಫೋಟೋದೊಳಗೇ ತುಂಬಿ ಸೀಡಿ ಕೊಡಬೇಕಿತ್ತು. ಅಪ್ಪ ನೂರಾರು ಚಿತ್ರ ನೋಡಿ ಒಂದನ್ನು ಆರಿಸಿದರು. ಹುತ್ತೂರಿನ ಮದುವೆಯದು. ರೇಷ್ಮೆ ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳು ಗೋಡೆಗೆ ಒರಗಿವೆ, ಅವುಗಳ ಮುಂದೆ ಅರಿಸಿನ ಮೆತ್ತಿದ ಹುಡುಗಿ ಕಣ್ಣು ಮುಚ್ಚಿ ನಗುತ್ತಿದ್ದಾಳೆ.

"ಅಪ್ಪಾ, ಇದು ಅಮ್ಮ ತೆಗ್ದಿದ್ದು," ಎಂದು ಬೂದು ಸಾಲಿನಲ್ಲಿದ್ದ ಚಿಕ್ಕ ಕ್ಯಾಮೆರಾದ ಗುರುತು ತೋರಿಸಿದೆ.

"ಯಾರು ತೆಗೆದ್ರೇನೇ, ನಮ್ಮ ಅಂಗಡೀದೇ ಅಲ್ವಾ."

ಅಮ್ಮ ಪಕ್ಕದಲ್ಲೇ ಪಾಸ್‌ಪೋರ್ಟ್ ಫೋಟೋಗಳ ಅಂಚು ಕತ್ತರಿಸುತ್ತಿದ್ದಳು. ತಲೆ ಎತ್ತದೆ, "ಪೋನೀ ಬಿಡು ಕಣೇ. ಹೆಸರು ಕಟ್ಕೊಂಡು ನಾನೇನ್ ಮಾಡ್ಲಿ?" ಎಂದಳು.

ಅಪ್ಪನ ಮಾತಿಗಿಂತ ಅಮ್ಮನ ಮಾತಿಗೇ ನನಗೆ ಮೈ ಉರಿದುಹೋಯಿತು. ಕುರ್ಚಿ ಬಿಟ್ಟು ಎದ್ದೆ. "ಹಾಗಾದ್ರೆ ನಾನು ಮುಟ್ಟಲ್ಲ. ಏನ್ ಬೇಕೋ ನೀವೇ ಬರ್ಕೊಳ್ಳಿ."

ಅಪ್ಪ ಬೇರೆ ದಾರಿಯಿಲ್ಲದೆ ಕೂತರು. ಕನ್ನಡಕ ಏರಿಸಿ ಆ ಬೂದು ಸಾಲನ್ನೇ ಬಹಳ ಹೊತ್ತು ನೋಡಿದರು. ಚಿತ್ರದ ಹುಡುಗಿಯನ್ನೂ ನೋಡಿದರು. ತಾವು ಆ ಹೊತ್ತಿನಲ್ಲಿ ಚಪ್ಪರದಡಿ ಗಂಡಿನ ಕಡೆಯವರೊಂದಿಗೆ ಕಾಫಿ ಕುಡಿಯುತ್ತಿದ್ದುದು ನೆನಪಾಗಿರಬೇಕು.

ನಮ್ಮ ಮನೆಯಲ್ಲಿ ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಹೇಳುವವರಲ್ಲ. ಅಮ್ಮನಿಗೆ ಅವರು "ನಿಮ್ಮಪ್ಪ". ಅಪ್ಪನಿಗೆ ಅವಳು "ಇವಳೇ". ಅವಳ ಹೆಸರು ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿರಲಿಲ್ಲ. ಅಪ್ಪ ಈಗ ತಮ್ಮ ಹೆಸರನ್ನು ಒಂದೊಂದೇ ಅಕ್ಷರವಾಗಿ ಅಳಿಸಿದರು. ಆಮೇಲೆ ಒಂದೇ ಬೆರಳಿನಲ್ಲಿ ಕೀಲಿಗಳನ್ನು ತಡಕುತ್ತಾ ಅಮ್ಮನ ಹೆಸರು ಒತ್ತಿದರು. ಬಾಯಲ್ಲಿ ಮಾತ್ರ ಆಗಲೂ ಹೇಳಲಿಲ್ಲ.

"ಸರಿಯಾಗಿದೆಯಾ ನೋಡು ಅನ್ನು," ಎಂದರು ನನಗೆ, ಅಮ್ಮ ಎರಡು ಮಾರು ದೂರದಲ್ಲೇ ಇದ್ದರೂ.

ಅಮ್ಮ ಕತ್ತರಿ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಓದಿದಳು. ತಲೆಯಾಡಿಸಿದಳು. ವಾಪಸ್ ಹೋಗುತ್ತಾಳೆಂದುಕೊಂಡೆ. ಹೋಗದೆ ಅಲ್ಲೇ ನಿಂತಳು.

"ಆ ಚಿಕ್ಕ ಕ್ಯಾಮೆರಾದವು ಇನ್ನೂ ಇದಾವಲ್ಲ, ಅವಕ್ಕೂ ಹಿಂಗೇ ಹಾಕೋಕಾಗುತ್ತಾ?"

ಅಪ್ಪ ಎದ್ದು ಕುರ್ಚಿ ನನ್ನ ಕಡೆ ತಳ್ಳಿದರು. "ಹಾಕ್ಕೊಡೇ."

"ಎಲ್ಲಾ ಒಟ್ಟಿಗೇ ಹಾಕ್ಬೋದಮ್ಮಾ, ಒಂದೇ ನಿಮಿಷ," ಎಂದೆ.

"ಬೇಡ," ಎಂದಳು ಅಮ್ಮ, ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂರುತ್ತಾ. "ಒಂದೊಂದೇ ತೆಗಿ. ನೋಡ್ತೀನಿ."